ಕಿವಿಗೆ ಸ್ಕ್ಯಾನ್ ಬರೆದುಕೊಟ್ಟಿದ್ದಾರೆಯೇ?

ದೊಡ್ಡಾಸ್ಪತ್ರೆಯ ಇಎನ್‌ಟಿ ವಿಭಾಗದ ಎದುರು ಬೆಂಚಿನಲ್ಲಿ ಕುಳಿತವರ ಕೈಯಲ್ಲಿರುವ ಚೀಟಿಗಳು ಒಂದೊಂದೂ ಒಂದೊಂದು ಥರ. ಒಬ್ಬರದರಲ್ಲಿ ‘ಎಚ್‌ಆರ್‌ಸಿಟಿ ಟೆಂಪೊರಲ್ ಬೋನ್’ ಎಂದಿರುತ್ತದೆ, ಪಕ್ಕದವರದರಲ್ಲಿ ‘ಎಂಆರ್‌ಐ ವಿತ್ ಕಾಂಟ್ರಾಸ್ಟ್’. ಇನ್ನೊಬ್ಬರ ಮಗುವಿಗೆ ಎರಡನ್ನೂ ಬರೆದಿರುತ್ತಾರೆ. ಮತ್ತೊಬ್ಬರು ‘ತಲೆ ಸುತ್ತು ತಡೆಯೋಕಾಗ್ತಿಲ್ಲ, ಒಂದು ಸ್ಕ್ಯಾನ್ ಮಾಡಿಸಿಬಿಡಿ ಸಾರ್’ ಎಂದು ತಾವಾಗಿಯೇ ಕೇಳಿದರೂ ಡಾಕ್ಟರು ಬೇಡವೆಂದು ಕಳಿಸಿರುತ್ತಾರೆ. ಈ ನಾಲ್ಕೂ ಸರಿಯಾದ ನಿರ್ಧಾರಗಳೇ ಆಗಿರಬಹುದು. ಯಾಕೆ ಹಾಗೆ ಎನ್ನುವುದನ್ನು ಬಿಡಿಸಿ ಹೇಳುವಷ್ಟು ಬಿಡುವು ಜನ ತುಂಬಿದ ಒಪಿಡಿಯಲ್ಲಿ ಡಾಕ್ಟರಿಗೆ ಸಿಗುವುದಿಲ್ಲ. ರೋಗಿಗೂ ಕೇಳಲು ಸಂಕೋಚ. ಹಾಗಾಗಿ ಕೆಲವರು ಬೇಕಾದ ಸ್ಕ್ಯಾನನ್ನು ಮುಂದೂಡುತ್ತಾರೆ, ಕೆಲವರು ಬೇಡದ ಸ್ಕ್ಯಾನಿಗೆ ಸಾಲ ಮಾಡುತ್ತಾರೆ.

ಕಿವಿಗೆ ಟಾರ್ಚ್ ಬಿಟ್ಟು ನೋಡಿದರೆ ಡಾಕ್ಟರಿಗೆ ಕಾಣುವುದು ತಮಟೆಯವರೆಗೆ ಮಾತ್ರ. ತಮಟೆಯ ಹಿಂದೆ ಗಾಳಿ ತುಂಬಿದ ಪುಟ್ಟ ಜಾಗವೇ ಮಧ್ಯಕಿವಿ. ಸುತ್ತಿಗೆ, ಅಡಿಗಲ್ಲು, ರಿಕಾಪು ಎಂದು ನಾವೆಲ್ಲ ಶಾಲೆಯಲ್ಲಿ ಓದಿದ ಮೂರು ಮೂಳೆಗಳು ಅಲ್ಲಿ ಒಂದಕ್ಕೊಂದು ಕೂಡಿಕೊಂಡಿವೆ. ಅವುಗಳಲ್ಲಿ ರಿಕಾಪಿನ ಎತ್ತರ ಸುಮಾರು 3 ಮಿಲಿಮೀಟರ್. ಅದರಾಚೆಗೆ ಒಳಕಿವಿ. ಶಬ್ದ ಗ್ರಹಿಸುವ ಎರಡೂವರೆ ಸುತ್ತಿನ ಕಾಕ್ಲಿಯ, ದೇಹದ ಸಮತೋಲ ನೋಡಿಕೊಳ್ಳುವ ಮೂರು ಅರ್ಧವೃತ್ತಾಕಾರದ ನಾಳಗಳು, ಇವುಗಳ ಸುತ್ತ ದೇಹದಲ್ಲೇ ಅತ್ಯಂತ ಗಟ್ಟಿಯಾದ ಮೂಳೆಯ ಕವಚ. ಮುಖದ ನರ ಹಾದುಹೋಗುವುದೂ ಈ ಮಧ್ಯಕಿವಿಯ ಗೋಡೆಯಲ್ಲೇ. ಮೇಲುಗಡೆ ತೆಳ್ಳನೆಯ ಮೂಳೆಯೊಂದರ ಆಚೆ ಮಿದುಳು. ಹಿಂಬದಿಗೆ ತಲೆಯಿಂದ ರಕ್ತ ಇಳಿಸುವ ದೊಡ್ಡ ರಕ್ತನಾಳ. ಇಷ್ಟು ಇಕ್ಕಟ್ಟಿನಲ್ಲಿ ಏನಾಗುತ್ತಿದೆ ಎಂದು ಹೊರಗಿನಿಂದ ಊಹಿಸುವುದು ಕಷ್ಟ. ಸ್ಕ್ಯಾನ್ ಬೇಕಾಗುವುದು ಅದಕ್ಕೇ.

ಮೊದಲು ಕಿವಿ ನೋಡಲಿ, ಆಮೇಲೆ ಸ್ಕ್ಯಾನ್

ಸ್ಕ್ಯಾನಿಗಿಂತ ಮೊದಲು ಆಗಬೇಕಾದ ಕೆಲಸಗಳು ಕೆಲವಿವೆ. ಕಿವಿಯ ಕೊಳೆ, ಕೀವು ತೆಗೆದು ಮೈಕ್ರೋಸ್ಕೋಪ್ ಅಥವಾ ಎಂಡೋಸ್ಕೋಪಿನಲ್ಲಿ ತಮಟೆಯನ್ನು ನೋಡುವುದು. ಟ್ಯೂನಿಂಗ್ ಫೋರ್ಕ್ ಮಿಡಿದು ದೋಷ ಮಧ್ಯಕಿವಿಯದೋ ನರದ್ದೋ ಎಂದು ಅಂದಾಜು ಮಾಡುವುದು. ಸದ್ದಿಲ್ಲದ ಕೋಣೆಯಲ್ಲಿ ಕೂರಿಸಿ ಆಡಿಯೋಗ್ರಾಮ್ ತೆಗೆಯುವುದು. ಈ ಮೂರೂ ಆಗದೆ ಯಾರಾದರೂ ನೇರವಾಗಿ ಸ್ಕ್ಯಾನ್ ಬರೆದುಕೊಟ್ಟರೆ, ತುರ್ತು ಸಂದರ್ಭವಲ್ಲದಿದ್ದಲ್ಲಿ, ‘ಆಡಿಯೋಗ್ರಾಮ್ ಬೇಡವೇ ಡಾಕ್ಟ್ರೇ?’ ಎಂದು ಕೇಳುವುದರಲ್ಲಿ ತಪ್ಪೇನಿಲ್ಲ. ಯಾವ ಕಿವಿ, ಎಷ್ಟು ಡೆಸಿಬಲ್, ಯಾವ ಬಗೆಯ ಕಿವುಡು ಎನ್ನುವುದು ಗೊತ್ತಾದ ಮೇಲೆಯೇ ಯಾವ ಸ್ಕ್ಯಾನ್ ಎಂಬ ಮಾತು.

ಇನ್ನೂ ಒಂದು ವಿಷಯ ಮನಸ್ಸಿನಲ್ಲಿರಲಿ. ಸ್ಕ್ಯಾನ್ ತೋರಿಸುವುದು ಆಕಾರವನ್ನು. ಕಿವಿ ಎಷ್ಟು ಕೇಳುತ್ತದೆ ಎಂಬುದನ್ನು ಅದು ಹೇಳಲಾರದು. ಒಳಕಿವಿಯ ಕೂದಲುಕೋಶಗಳು ಸತ್ತು ಪೂರ್ತಿ ಕಿವುಡಾದವರ ಸ್ಕ್ಯಾನ್ ಕೂಡ ‘ನಾರ್ಮಲ್’ ಎಂದು ಬರಬಹುದು, ಏಕೆಂದರೆ ಆ ಕೋಶಗಳು ಯಾವ ಸ್ಕ್ಯಾನಿಗೂ ಕಾಣದಷ್ಟು ಸಣ್ಣವು. ‘ಸ್ಕ್ಯಾನ್ ನಾರ್ಮಲ್ ಇದೆಯಲ್ಲ, ಮಗುವಿಗೆ ಏನೂ ಆಗಿಲ್ಲ’ ಎಂದು ಸಮಾಧಾನ ಪಟ್ಟುಕೊಂಡು ಶ್ರವಣ ಪರೀಕ್ಷೆಯನ್ನು ಬಿಟ್ಟುಬಿಡುವ ತಂದೆತಾಯಿಗಳಿದ್ದಾರೆ. ಅದರಿಂದ ಮಾತು ಕಲಿಯುವ ಅಮೂಲ್ಯ ತಿಂಗಳುಗಳು ಕೈತಪ್ಪಿ ಹೋಗುತ್ತವೆ.

ಸ್ಕ್ಯಾನ್ ಬೇಡದ ತೊಂದರೆಗಳೂ ಬೇಕಾದಷ್ಟಿವೆ. ಮೇಣ ಕಟ್ಟಿದ ಕಿವಿ, ತಮಟೆಯ ನಡುಭಾಗದಲ್ಲಿ ತೂತಾಗಿ ನೆಗಡಿಯಾದಾಗ ಮಾತ್ರ ಸೋರುವ ಕಿವಿ, ನೆಗಡಿಯ ನಂತರ ಮಕ್ಕಳ ಮಧ್ಯಕಿವಿಯಲ್ಲಿ ನಿಲ್ಲುವ ಅಂಟು ದ್ರವ, ವಯಸ್ಸಾದಂತೆ ಎರಡೂ ಕಿವಿಗಳಲ್ಲಿ ಸಮನಾಗಿ ಇಳಿಯುವ ಶ್ರವಣ, ಇವಕ್ಕೆಲ್ಲ ಸಾಮಾನ್ಯವಾಗಿ ಸ್ಕ್ಯಾನ್ ಬೇಕಿಲ್ಲ. ಒಂದು ಎಚ್ಚರಿಕೆ: ದೊಡ್ಡವರಲ್ಲಿ ಒಂದೇ ಕಿವಿಯಲ್ಲಿ ದ್ರವ ನಿಂತು ವಾರಗಟ್ಟಲೆ ಹೋಗದಿದ್ದರೆ ಮೂಗಿನ ಹಿಂಭಾಗವನ್ನು ಎಂಡೋಸ್ಕೋಪಿಯಲ್ಲಿ ನೋಡಲೇಬೇಕು. ಅಲ್ಲಿ ಗಡ್ಡೆ ಇದ್ದರೆ ಮೊದಲ ಸುಳಿವು ಕಿವಿಯಲ್ಲೇ ಸಿಗುವುದುಂಟು.

ತಲೆಸುತ್ತಿನ ವಿಷಯ ಇದಕ್ಕಿಂತ ಮುಖ್ಯ. ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ, ಅಟ್ಟದ ಮೇಲಿನ ಡಬ್ಬಿ ನೋಡಲು ತಲೆ ಎತ್ತಿದಾಗ, ಅರ್ಧ ನಿಮಿಷ ಮನೆಯೇ ತಿರುಗಿದಂತಾಗಿ ನಿಂತುಹೋಗುವ ಸುತ್ತು ಬಹಳ ಜನರಿಗೆ ಬರುತ್ತದೆ. ಬಿಪಿಪಿವಿ ಎಂದು ಇದರ ಹೆಸರು. ಒಳಕಿವಿಯ ಸುಣ್ಣದ ಕಣಗಳು ಜಾಗ ತಪ್ಪಿ ಅರ್ಧವೃತ್ತಾಕಾರದ ನಾಳಕ್ಕೆ ಸೇರಿಕೊಂಡು ಹೀಗಾಗುತ್ತದೆ. ಈ ಕಣಗಳು ಸಿಟಿಯಲ್ಲೂ ಕಾಣುವುದಿಲ್ಲ, ಎಂಆರ್‌ಐಯಲ್ಲೂ ಕಾಣುವುದಿಲ್ಲ. ರೋಗಿಯನ್ನು ಮಂಚದ ಮೇಲೆ ಒಂದು ಬದಿಗೆ ತಲೆ ತಿರುಗಿಸಿ ಸರಕ್ಕನೆ ಮಲಗಿಸಿ, ಕಣ್ಣುಗುಡ್ಡೆ ಹೇಗೆ ಅದುರುತ್ತದೆ ಎಂದು ನೋಡುವ ಡಿಕ್ಸ್-ಹಾಲ್‌ಪೈಕ್ ಪರೀಕ್ಷೆಯಲ್ಲೇ ರೋಗ ಗೊತ್ತಾಗುತ್ತದೆ. ಎಪ್ಲೆ ವಿಧಾನದಲ್ಲಿ ತಲೆಯನ್ನು ಹಂತಹಂತವಾಗಿ ತಿರುಗಿಸಿದರೆ ಎಷ್ಟೋ ಜನಕ್ಕೆ ಅಲ್ಲೇ ವಾಸಿಯಾಗುತ್ತದೆ. ಲಕ್ಷಣಗಳು ಇಷ್ಟು ಸ್ಪಷ್ಟವಾಗಿದ್ದಾಗ ಸ್ಕ್ಯಾನ್ ಮಾಡಿಸಬಾರದೆಂದು ಅಮೆರಿಕದ ಇಎನ್‌ಟಿ ಅಕಾಡೆಮಿ 2017ರ ತನ್ನ ಮಾರ್ಗಸೂಚಿಯಲ್ಲೇ ಹೇಳಿದೆ.

ಆದರೆ ಸುತ್ತು ಬಿಡದೆ ಗಂಟೆಗಟ್ಟಲೆ ಇದ್ದು, ಜೊತೆಗೆ ಮಾತು ತೊದಲಿದರೆ, ಒಂದು ವಸ್ತು ಎರಡಾಗಿ ಕಂಡರೆ, ಕೈಕಾಲು ಜೋಮು ಹಿಡಿದರೆ, ಎದ್ದು ನಿಲ್ಲಲೂ ಆಗದಿದ್ದರೆ ಅದು ಮಿದುಳಿನ ಹಿಂಭಾಗದ ಪಾರ್ಶ್ವವಾಯು ಇರಬಹುದು. ಬಿಪಿ, ಸಕ್ಕರೆ ಕಾಯಿಲೆ ಇರುವವರಲ್ಲಂತೂ ಈ ಅನುಮಾನ ಮೊದಲೇ ಬರಬೇಕು. ಇಂಥ ಪಾರ್ಶ್ವವಾಯು ಸಾಮಾನ್ಯ ಸಿಟಿಯ ಕಣ್ಣಿನಿಂದ ಬಹಳ ಸಲ ತಪ್ಪಿಸಿಕೊಳ್ಳುತ್ತದೆ. ಎಂಆರ್‌ಐ ಕೂಡ ಮೊದಲ ಒಂದೆರಡು ದಿನ ಸುಳ್ಳು ಸಮಾಧಾನ ಕೊಡಬಹುದು. ಆದ್ದರಿಂದ ಸಿಟಿ ನಾರ್ಮಲ್ ಎಂದು ಮನೆಗೆ ಹೊರಡುವ ಮುನ್ನ ನರರೋಗ ತಜ್ಞರೊಬ್ಬರು ನೋಡಿದರೆ ಒಳ್ಳೆಯದು.

ಮೂಳೆ, ಗಾಳಿ, ಕೀವು: ಸಿಟಿಯ ಕೆಲಸ

ಲಂಡನ್ನಿನ ಆಸ್ಪತ್ರೆಯೊಂದರಲ್ಲಿ 1971ರಲ್ಲಿ ಗಾಡ್‌ಫ್ರೇ ಹೌನ್ಸ್‌ಫೀಲ್ಡರ ಸಿಟಿ ಯಂತ್ರ ಮೊದಲ ರೋಗಿಯ ತಲೆಯನ್ನು ಸ್ಕ್ಯಾನ್ ಮಾಡಿದಾಗ ಅದರ ಒಂದೊಂದು ಪದರವೂ ಒಂದು ಸೆಂಟಿಮೀಟರಿಗಿಂತ ದಪ್ಪ. ಕಿವಿಯ ಮೂಳೆಗಳು ಅದರಲ್ಲಿ ಕಾಣುವ ಮಾತೇ ಇರಲಿಲ್ಲ. ಇಂದಿನ ಎಚ್‌ಆರ್‌ಸಿಟಿ ಅರ್ಧದಿಂದ ಒಂದು ಮಿಲಿಮೀಟರಿನೊಳಗಿನ ಪದರಗಳಲ್ಲಿ ಕಿವಿಯನ್ನು ತೋರಿಸುತ್ತದೆ. ಈ ವ್ಯತ್ಯಾಸ ನಿಮ್ಮ ಜೇಬಿಗೂ ಸಂಬಂಧಿಸಿದ್ದು. ಕಿವಿಯ ತೊಂದರೆಗೆಂದು ಹೋಗಿ ಸಾಮಾನ್ಯ ‘ಸಿಟಿ ಬ್ರೈನ್’ ಮಾಡಿಸಿಕೊಂಡು ಬರುವವರಿದ್ದಾರೆ. ಅದರಲ್ಲಿ ಸಾಮಾನ್ಯವಾಗಿ 5 ಮಿಲಿಮೀಟರಿನ ಪದರ; 3 ಮಿಲಿಮೀಟರಿನ ರಿಕಾಪು ಅದರೊಳಗೆ ಕಳೆದೇ ಹೋಗುತ್ತದೆ. ಆಮೇಲೆ ಮತ್ತೆ ದುಡ್ಡು ಕಟ್ಟಿ ಇನ್ನೊಂದು ಸ್ಕ್ಯಾನ್. ಚೀಟಿಯಲ್ಲಿ ಕಿವಿಯನ್ನು ಒಳಗೊಂಡ ಮೂಳೆಯ ಹೆಸರಾದ ‘ಟೆಂಪೊರಲ್ ಬೋನ್’ ಎಂಬ ಎರಡು ಪದಗಳಿವೆಯೇ ಎಂದು ಕೌಂಟರಿನಲ್ಲೇ ನೋಡಿಕೊಳ್ಳಿ.

ಸಿಟಿ ಎಂದರೆ ಎಕ್ಸ್‌ರೇಯನ್ನೇ ತಲೆಯ ಸುತ್ತ ತಿರುಗಿಸಿ ಚಿತ್ರ ಕಟ್ಟುವುದು. ಅದರಲ್ಲಿ ಮೂಳೆ ಬಿಳಿ, ಗಾಳಿ ಕಪ್ಪು. ಕಿವಿಯಲ್ಲಿ ಇರುವುದೂ ಇವೆರಡೇ ಹೆಚ್ಚು. ಆದ್ದರಿಂದ ಮಧ್ಯಕಿವಿಗೆ ಸಿಟಿ ಹೇಳಿ ಮಾಡಿಸಿದ ಪರೀಕ್ಷೆ. ಆರೋಗ್ಯವಂತರ ಅಡ್ಡಪದರದ ಚಿತ್ರದಲ್ಲಿ, ತಮಟೆಗಿಂತ ಮೇಲಿನ ಅಟ್ಟದಂಥ ಜಾಗದಲ್ಲಿ, ಸುತ್ತಿಗೆಯ ದುಂಡು ತಲೆ ಅಡಿಗಲ್ಲಿನ ಚೂಪು ಮೈಗೆ ತಾಗಿಕೊಂಡು ಕೋನ್ ಐಸ್‌ಕ್ರೀಮಿನ ಹಾಗೆ ಕಾಣುತ್ತದೆ. ರೇಡಿಯಾಲಜಿ ಕಲಿಯುವವರಿಗೆ ಮೊದಲು ತೋರಿಸಿಕೊಡುವ ಗುರುತುಗಳಲ್ಲಿ ಇದೂ ಒಂದು. ನಿಂತ ಪದರದ ಚಿತ್ರದಲ್ಲಿ ತಮಟೆಯ ಮೇಲಂಚಿಗೆ ಚೂಪಾದ ಪುಟ್ಟ ಮೂಳೆಯ ತುದಿಯೊಂದಿದೆ, ಹೆಸರು ಸ್ಕ್ಯೂಟಮ್. ಅದು ಮೊಂಡಾಗಿದೆಯೇ ಎಂದು ಸರ್ಜನ್ ಬಹಳ ಹೊತ್ತು ನೋಡುತ್ತಾರೆ. ಮೊಂಡಾಗಿದ್ದು, ಅಲ್ಲೇ ಕಪ್ಪು ಗಾಳಿಯ ಬದಲು ಬೂದುಬಣ್ಣದ ಮುದ್ದೆ ಕೂತಿದ್ದರೆ ಕೊಲೆಸ್ಟಿಯಟೋಮದ ಅನುಮಾನ ಗಟ್ಟಿಯಾಗುತ್ತದೆ.

ಈ ಹೆಸರು ಕೇಳಿ ಕೊಲೆಸ್ಟ್ರಾಲ್ ಎಂದೋ ಕ್ಯಾನ್ಸರ್ ಎಂದೋ ಗಾಬರಿ ಬೀಳುವವರಿದ್ದಾರೆ; ಎರಡೂ ಅಲ್ಲ. ತಮಟೆಯ ಚರ್ಮ ಒಳಕ್ಕೆ ಎಳೆದುಕೊಂಡು, ಸತ್ತ ಚರ್ಮದ ಪದರಗಳು ಅಲ್ಲೇ ಗಂಟು ಕಟ್ಟುತ್ತಾ ಬೆಳೆಯುವ ರೋಗ ಇದು. ಕೀವು ಸ್ವಲ್ಪವೇ ಬಂದರೂ ಕೊಳೆತ ವಾಸನೆ ಇರುತ್ತದೆ. ಗಂಟು ಬೆಳೆಯುತ್ತಾ ಸುತ್ತಲಿನ ಮೂಳೆಯನ್ನು ತಿನ್ನುತ್ತದೆ. ಮೊದಲು ಅಡಿಗಲ್ಲು ಸವೆಯುತ್ತದೆ. ಮುಂದೆ ಮುಖದ ನರದ ಮೇಲಿನ ಕವಚ, ಅರ್ಧವೃತ್ತಾಕಾರದ ನಾಳ, ಮಿದುಳಿನ ಕೆಳಗಿನ ತೆಳುಮೂಳೆ. ಇದರಲ್ಲಿ ಯಾವುದು ಸವೆದಿದೆ, ಯಾವುದು ಉಳಿದಿದೆ ಎಂಬ ನಕ್ಷೆಯನ್ನು ಸಿಟಿ ಕೊಡುತ್ತದೆ. ಆಪರೇಷನ್ ಮಾಡುವವರಿಗೆ ಅದು ಕೈದೀಪ. ನಮ್ಮಲ್ಲಿ ಕಿವಿ ಸೋರುವುದನ್ನು ವರ್ಷಗಟ್ಟಲೆ ಹತ್ತಿ ಇಟ್ಟುಕೊಂಡು, ಎಣ್ಣೆ ಬಿಟ್ಟುಕೊಂಡು ಸಹಿಸುವ ರೂಢಿ ಇನ್ನೂ ಹೋಗಿಲ್ಲ. ವಾಸನೆ ಬರುವ ಸೋರುವಿಕೆಯನ್ನು ಹಾಗೆ ಬಿಡುವುದು ಅಪಾಯ ಎಂದು ನಾನು ಒತ್ತಿ ಹೇಳುತ್ತೇನೆ.

ಸಿಟಿಗೂ ಮಿತಿ ಇದೆ. ಮಧ್ಯಕಿವಿಯ ಬೂದುಬಣ್ಣ ಕೀವೋ, ದ್ರವವೋ, ಉರಿಯೂತದ ಮಾಂಸವೋ, ಕೊಲೆಸ್ಟಿಯಟೋಮವೋ ಎಂದು ಅದು ಬೇರೆ ಮಾಡಿ ಹೇಳಲಾರದು. ಮೂಳೆ ಸವೆದಿದ್ದರೆ ಊಹೆಗೆ ಬಲ ಬರುತ್ತದೆ, ಅಷ್ಟೆ. ರಿಪೋರ್ಟಿನ ‘ಸಾಫ್ಟ್ ಟಿಶ್ಯೂ ಡೆನ್ಸಿಟಿ’ ಎಂಬ ಮಾತಿಗೆ ಅರ್ಥ ಬರುವುದು ಕಿವಿಯನ್ನು ಕಣ್ಣಾರೆ ನೋಡಿದ ಡಾಕ್ಟರಿನ ಕೈಯಲ್ಲಿ.

ಸಿಟಿ ಬರೆಯುವ ಇತರ ಕಾರಣಗಳನ್ನು ಬೇಗ ಹೇಳಿಬಿಡುತ್ತೇನೆ. ಬೈಕಿನಿಂದ ಬಿದ್ದು ಕಿವಿಯಿಂದ ರಕ್ತ ಬಂದರೆ, ಮುಖ ಒಂದು ಕಡೆ ಸೊಟ್ಟಗಾದರೆ ಟೆಂಪೊರಲ್ ಮೂಳೆ ಮುರಿದಿದೆಯೇ ಎಂದು ನೋಡಲು. (ಇಂಥ ಹೊತ್ತಿನಲ್ಲಿ ಕಿವಿಗೆ ಡ್ರಾಪ್ಸ್ ಹಾಕಬೇಡಿ. ತಿಳಿನೀರಿನಂಥ ದ್ರವ ಸೋರಿದರೆ ಅದು ಮಿದುಳಿನ ಸುತ್ತಲಿನ ನೀರಿರಬಹುದು.) ತಮಟೆ ಚೆನ್ನಾಗಿದ್ದೂ ಕಿವಿ ನಿಧಾನವಾಗಿ ಮಂದವಾಗುವ ಆಟೋಸ್ಕ್ಲೆರೋಸಿಸ್‌ನಲ್ಲಿ ರಿಕಾಪಿನ ಬುಡದ ಮುಂದಿನ ಮೂಳೆ ಮೆದುವಾಗಿ ಸಿಟಿಯಲ್ಲಿ ಕಪ್ಪಗೆ ಕಾಣಬಹುದು. ಹರೆಯದ ಹೆಂಗಸರಲ್ಲಿ ಈ ರೋಗ ಹೆಚ್ಚು, ಕೆಲವರಿಗೆ ಬಸಿರಿನಲ್ಲಿ ಜೋರಾಗುವುದೂ ಉಂಟು. ರೋಗವಿದ್ದೂ ಸಿಟಿ ನಾರ್ಮಲ್ ಬರುವ ಸಾಧ್ಯತೆಯೂ ಇದೆ. ತನ್ನದೇ ಕಣ್ಣುಗುಡ್ಡೆ ಹೊರಳುವ ಸದ್ದು ಕಿವಿಗೆ ಕೇಳುತ್ತದೆ, ಜೋರು ಶಬ್ದಕ್ಕೆ ತಲೆ ತಿರುಗುತ್ತದೆ ಎಂದರೆ ನಂಬದೆ ಮನೆಯವರು ಮಾನಸಿಕ ಎನ್ನುವುದುಂಟು. ಮೇಲಿನ ಅರ್ಧವೃತ್ತಾಕಾರದ ನಾಳದ ಮೂಳೆಯಲ್ಲಿ ಬಿರುಕಿದ್ದರೆ ಹಾಗಾಗುತ್ತದೆ ಎಂದು ಅಮೆರಿಕದ ಲಾಯ್ಡ್ ಮೈನರ್ 1998ರಲ್ಲಿ ವಿವರಿಸಿದರು. ತೆಳುಪದರದ ಸಿಟಿಯಲ್ಲಿ ಆ ಬಿರುಕು ಕಾಣುತ್ತದೆ.

ಕಿವಿಯ ಹಿಂದಿನ ಮೂಳೆಯನ್ನು ತೋರಿಸುವ ಹಳೆಯ ಮ್ಯಾಸ್ಟಾಯ್ಡ್ ಎಕ್ಸ್‌ರೇಯನ್ನು ಕೆಲವು ಕಡೆ ಈಗಲೂ ತೆಗೆಸುತ್ತಾರೆ. ಮೂಳೆಗಳ ನೆರಳು ಒಂದರ ಮೇಲೊಂದು ಬೀಳುವುದರಿಂದ ಅದರಲ್ಲಿ ತಿಳಿಯುವುದು ಕಡಿಮೆ. ಸಿಟಿ ಸಿಗುವ ಊರಿನಲ್ಲಿ ರೋಗ ಪತ್ತೆಗಾಗಿ ಅದನ್ನು ತೆಗೆಸುವುದಕ್ಕೆ ಹೆಚ್ಚು ಅರ್ಥವಿಲ್ಲ.

ನರ ಮತ್ತು ನೀರು: ಎಂಆರ್‌ಐಯ ಕೆಲಸ

ಎಂಆರ್‌ಐಯಲ್ಲಿ ಎಕ್ಸ್‌ರೇ ಇಲ್ಲ. ಬಲವಾದ ಅಯಸ್ಕಾಂತ ಮತ್ತು ರೇಡಿಯೋ ತರಂಗಗಳಿಂದ ದೇಹದ ನೀರಿನಂಶವನ್ನು ಅದು ಓದುತ್ತದೆ. ಒಳಕಿವಿಯ ದ್ರವ, ಅಲ್ಲಿಂದ ಮಿದುಳಿಗೆ ಹೋಗುವ ನರ ಇದರಲ್ಲಿ ಚೆನ್ನಾಗಿ ಕಾಣುತ್ತವೆ. ಕಿವಿಯ ಪುಟ್ಟ ಮೂಳೆಗಳು ಕಾಣುವುದಿಲ್ಲ. ಒಬ್ಬರಿಗೇ ಎರಡೂ ಸ್ಕ್ಯಾನ್ ಬರೆದರೆ ಡಾಕ್ಟರು ದುಡ್ಡು ಮಾಡಲು ಹೊರಟಿದ್ದಾರೆ ಎಂದು ತಿಳಿಯಬೇಡಿ. ಒಂದರಲ್ಲಿ ಕಾಣುವುದು ಇನ್ನೊಂದರಲ್ಲಿ ಕಾಣುವುದಿಲ್ಲ.

ಎಂಆರ್‌ಐ ಬೇಕೆನಿಸುವ ಮುಖ್ಯ ಸುಳಿವು ‘ಒಂದೇ ಕಡೆ’ ಎಂಬುದು. ಒಂದೇ ಕಿವಿ ನರದ ದೋಷದಿಂದ ಮಂದವಾಗಿದೆ, ಒಂದೇ ಕಿವಿಯಲ್ಲಿ ಗುಂಯ್‌ಗುಟ್ಟುವ ಸದ್ದು ನಿಲ್ಲುತ್ತಿಲ್ಲ, ಫೋನನ್ನು ಆ ಕಿವಿಗೆ ಹಿಡಿದರೆ ಸದ್ದು ಬರುತ್ತದೆ ಆದರೆ ಮಾತು ತಿಳಿಯುವುದಿಲ್ಲ. ಇಂಥವರಲ್ಲಿ ಕೆಲವೇ ಕೆಲವರಿಗೆ ಸಮತೋಲದ ನರದ ಮೇಲೆ ವೆಸ್ಟಿಬ್ಯುಲಾರ್ ಶ್ವಾನೋಮ ಎಂಬ ಗಡ್ಡೆ ಇರುತ್ತದೆ. ಇದು ಕ್ಯಾನ್ಸರ್ ಅಲ್ಲ, ಬೆಳೆಯುವುದೂ ನಿಧಾನ. ಗ್ಯಾಡೊಲಿನಿಯಂ ಇಂಜೆಕ್ಷನ್ ಕೊಟ್ಟು ತೆಗೆದ ಎಂಆರ್‌ಐಯಲ್ಲಿ ಕೆಲವೇ ಮಿಲಿಮೀಟರಿನ ಗಡ್ಡೆಯೂ ಬೆಳ್ಳಗೆ ಹೊಳೆಯುತ್ತದೆ. ಸಣ್ಣದಾಗಿದ್ದರೆ ಆಪರೇಷನ್ ಮಾಡದೆ ಕಾಲಕಾಲಕ್ಕೆ ಸ್ಕ್ಯಾನ್ ಮಾಡಿ ನೋಡುತ್ತಾ ಹೋಗುವುದೂ ಒಂದು ಒಳ್ಳೆಯ ದಾರಿ. ಬೆಳೆಯುತ್ತಿದ್ದರೆ ಗಾಮಾ ನೈಫ್ ವಿಕಿರಣ ಚಿಕಿತ್ಸೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೇ ಇದೆ.

ಸಿಟಿ ಕೈಚೆಲ್ಲಿದ ಕಡೆ ಎಂಆರ್‌ಐ ನೆರವಾಗುವ ಇನ್ನೊಂದು ಸಂದರ್ಭ ಕೊಲೆಸ್ಟಿಯಟೋಮದ ಆಪರೇಷನ್ ಆದ ಮೇಲಿನದು. ಚೂರೇನಾದರೂ ಉಳಿದು ಮತ್ತೆ ಬೆಳೆದಿದೆಯೇ ಎಂದು ನೋಡಲು ಹಿಂದೆ ಕಿವಿಯನ್ನು ಎರಡನೆಯ ಸಲ ಬಿಚ್ಚಬೇಕಾಗುತ್ತಿತ್ತು. ಈಗ ಡಿಫ್ಯೂಷನ್ ಎಂಬ ವಿಧಾನದ ಎಂಆರ್‌ಐ ಎರಡು ಮೂರು ಮಿಲಿಮೀಟರಿಗಿಂತ ದೊಡ್ಡದಾದ ಗಂಟನ್ನು ತೋರಿಸುತ್ತದೆ, ಇಂಜೆಕ್ಷನ್ ಕೂಡ ಬೇಕಿಲ್ಲ. ಆದರೆ ಎಲ್ಲ ಯಂತ್ರದಲ್ಲೂ ಇರುವ ಸಾಮಾನ್ಯ ಡಿಫ್ಯೂಷನ್‌ನಲ್ಲಿ ಗಾಳಿ ಮತ್ತು ಮೂಳೆಯ ಸಂದಿಯಲ್ಲಿ ಚಿತ್ರ ಸೊಟ್ಟಗಾಗಿ ಸಣ್ಣ ಗಂಟು ಮುಚ್ಚಿಹೋಗುತ್ತದೆ. ‘ನಾನ್ ಇಪಿಐ ಡಿಫ್ಯೂಷನ್’ ಮಾಡುತ್ತೀರಾ ಎಂದು ಸ್ಕ್ಯಾನ್ ಸೆಂಟರಿಗೆ ಮೊದಲೇ ಫೋನ್ ಮಾಡಿ ಕೇಳಿ. ಇಲ್ಲ ಎಂದರೆ ಬೇರೆ ಸೆಂಟರ್ ನೋಡಿ.

ತಲೆಸುತ್ತು, ಕಿವಿ ಮೊರೆತ, ಮಂದ ಶ್ರವಣ ಮೂರೂ ಅಲೆಯಲೆಯಾಗಿ ಬರುವ ಮಿನಿಯರ್ ಕಾಯಿಲೆಯಲ್ಲಿ ಎಂಆರ್‌ಐ ಮಾಡಿಸುವುದು ಮುಖ್ಯವಾಗಿ ಗಡ್ಡೆ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಲು. ಇಂಜೆಕ್ಷನ್ ಕೊಟ್ಟು ಸುಮಾರು ನಾಲ್ಕು ಗಂಟೆ ಕಾದು ತೆಗೆಯುವ ವಿಶೇಷ ಸ್ಕ್ಯಾನಿನಲ್ಲಿ ಒಳಕಿವಿಯ ದ್ರವ ಉಬ್ಬಿರುವುದೂ ಕಾಣುತ್ತದೆ. ಕೆಲವೇ ಕೇಂದ್ರಗಳಲ್ಲಿ ಅದನ್ನು ಮಾಡುತ್ತಾರೆ. ನಾಡಿ ಬಡಿತದ ಲಯದಲ್ಲೇ ಕಿವಿಯಲ್ಲಿ ಸದ್ದು ಕೇಳುವವರಿಗೆ ರಕ್ತನಾಳಗಳನ್ನೂ ತೋರಿಸುವ ಆಂಜಿಯೋಗ್ರಾಮ್ ಬೇಕಾಗುತ್ತದೆ.

ಇನ್ನು ವಯಸ್ಸಾದ ಸಕ್ಕರೆ ಕಾಯಿಲೆಯವರ ಒಂದು ವಿಷಯ. ರಾತ್ರಿ ನಿದ್ದೆಗೆಡಿಸುವ ಕಿವಿನೋವು ಡ್ರಾಪ್ಸಿಗೆ ಬಗ್ಗದಿದ್ದರೆ ಹೊರಕಿವಿಯ ಸೋಂಕು ತಲೆಬುರುಡೆಯ ತಳದ ಮೂಳೆಗೆ ಇಳಿದಿರಬಹುದು. ಅಲ್ಲಿ ಸಿಟಿ, ಎಂಆರ್‌ಐ ಎರಡೂ ಬೇಕಾಗಬಹುದು, ಕೆಲವೊಮ್ಮೆ ನ್ಯೂಕ್ಲಿಯರ್ ಬೋನ್ ಸ್ಕ್ಯಾನ್ ಕೂಡ. ಇದನ್ನು ಸಾಮಾನ್ಯ ಕಿವಿನೋವೆಂದು ತಿಂಗಳುಗಟ್ಟಲೆ ಎಳೆಯಬಾರದು.

ಬೇರೆ ಯಾವುದಕ್ಕೋ ತೆಗೆಸಿದ ಬ್ರೈನ್ ಎಂಆರ್‌ಐ ರಿಪೋರ್ಟಿನ ಕೊನೆಯಲ್ಲಿ ‘ಮ್ಯಾಸ್ಟಾಯ್ಡೈಟಿಸ್’ ಎಂದಿರುವುದನ್ನು ಕಂಡು ಓಡಿ ಬರುವವರು ಬಹಳ. ಕಿವಿನೋವಿಲ್ಲ, ಜ್ವರವಿಲ್ಲ, ಸೋರುವುದೂ ಇಲ್ಲ ಎಂದರೆ ಅದು ಹೆಚ್ಚಿನ ಸಲ ನೆಗಡಿಯಿಂದ ಉಳಿದ ಒಂದಿಷ್ಟು ದ್ರವ. ಇಎನ್‌ಟಿ ಡಾಕ್ಟರು ಒಮ್ಮೆ ಕಿವಿ ನೋಡಿದರೆ ಸಾಕು.

ಕಿವಿ ಕೇಳದ ಮಗು

ಹುಟ್ಟು ಕಿವುಡಿನ ಮಗುವಿಗೆ ಕಿವಿ ಕೇಳುತ್ತದೆಯೇ ಎಂದು ನೋಡುವ ಬೆರಾ ಪರೀಕ್ಷೆ ಮುಗಿದು, ಕಾಕ್ಲಿಯದೊಳಗೆ ಎಲೆಕ್ಟ್ರೋಡ್ ಕೂರಿಸುವ ಕಾಕ್ಲಿಯರ್ ಇಂಪ್ಲಾಂಟ್ ಮಾಡಿಸುವ ಮಾತು ಬಂದಾಗ ಸಿಟಿ, ಎಂಆರ್‌ಐ ಎರಡನ್ನೂ ಬರೆಯುವುದು ವಾಡಿಕೆ. ಕಾಕ್ಲಿಯದ ಸುತ್ತುಗಳು ಪೂರ್ತಿ ಬೆಳೆದಿವೆಯೇ, ಎಲೆಕ್ಟ್ರೋಡ್ ತೂರಿಸುವ ದಾರಿಯಲ್ಲಿ ಮುಖದ ನರ ಎಲ್ಲಿದೆ ಎಂದು ಸಿಟಿ ಹೇಳುತ್ತದೆ. ನರ ಇದೆಯೇ ಇಲ್ಲವೇ ಎಂದು ಹೇಳಲು ಎಂಆರ್‌ಐಯೇ ಬೇಕು. ಒಳಕಿವಿಯಿಂದ ಮಿದುಳಿಗೆ ಹೋಗುವ ಕಾಲುವೆಯನ್ನು ಅಡ್ಡಕ್ಕೆ ಕತ್ತರಿಸಿ ನೋಡಿದ ಚಿತ್ರದಲ್ಲಿ ಬಿಳಿ ದ್ರವದ ನಡುವೆ ನಾಲ್ಕು ಕಪ್ಪು ಚುಕ್ಕೆಗಳು ಕಾಣುತ್ತವೆ. ಮುಂದಿನ ಸಾಲಿನಲ್ಲಿ ಮೇಲಿನದು ಮುಖದ ನರ, ಕೆಳಗಿನದು ಶ್ರವಣ ನರ. ಹಿಂದಿನ ಎರಡು ಸಮತೋಲದವು. ಆ ಮುಂದಿನ ಕೆಳಗಿನ ಚುಕ್ಕೆ ಇಲ್ಲದಿದ್ದರೆ ಅಥವಾ ಕೂದಲೆಳೆಯಷ್ಟು ತೆಳ್ಳಗಿದ್ದರೆ ಇಂಪ್ಲಾಂಟಿನಿಂದ ಎಷ್ಟು ಪ್ರಯೋಜನ ಎಂಬ ಲೆಕ್ಕವೇ ಬದಲಾಗುತ್ತದೆ. ಅಷ್ಟು ದೊಡ್ಡ ಆಪರೇಷನ್ನಿಗೆ ಮುಂಚೆ ಈ ಒಂದು ಚುಕ್ಕೆಯ ಬಗ್ಗೆ ಡಾಕ್ಟರನ್ನು ಕೇಳಿ ತಿಳಿದುಕೊಳ್ಳುವ ಹಕ್ಕು ತಂದೆತಾಯಿಗಿದೆ.

ಸೋದರಮಾವ, ಅತ್ತೆಯ ಮಗ ಎಂದು ಹತ್ತಿರದ ಸಂಬಂಧದಲ್ಲಿ ಮದುವೆಯಾದ ಕುಟುಂಬಗಳಲ್ಲಿ ವಂಶವಾಹಿಯ ಕಿವುಡು ಹೆಚ್ಚು ಕಾಣಿಸುತ್ತದೆ. ಅಂಥ ಮಕ್ಕಳ ಸ್ಕ್ಯಾನ್ ಬಹಳ ಸಲ ನಾರ್ಮಲ್ಲೇ ಇರುತ್ತದೆ; ಇಂಪ್ಲಾಂಟಿನ ದೃಷ್ಟಿಯಿಂದ ಅದು ಒಳ್ಳೆಯ ಸುದ್ದಿ. ಕೆಲವು ಮಕ್ಕಳಲ್ಲಿ ಒಳಕಿವಿಯ ವೆಸ್ಟಿಬ್ಯುಲಾರ್ ಅಕ್ವಿಡಕ್ಟ್ ಎಂಬ ಸಣ್ಣ ನಾಲೆ ಅಗಲವಾಗಿರುತ್ತದೆ, ನಡುಭಾಗದಲ್ಲಿ ಒಂದೂವರೆ ಮಿಲಿಮೀಟರಿಗಿಂತ ಹೆಚ್ಚು. ಅಂಥ ಮಗುವಿಗೆ ತಲೆಗೆ ಸಣ್ಣ ಪೆಟ್ಟು ಬಿದ್ದರೂ ಉಳಿದ ಶ್ರವಣ ಇದ್ದಕ್ಕಿದ್ದಂತೆ ಇಳಿಯಬಹುದು. ಕಬಡ್ಡಿ, ಕುಸ್ತಿ ಬೇಡವೆಂದು ಶಾಲೆಯವರಿಗೂ ತಿಳಿಸಿಡಬೇಕು.

ಎಂಆರ್‌ಐಗೆ ಮಗು ಅಲುಗಾಡದೆ ಮಲಗಿರಬೇಕು. ಎಳೆಗೂಸಾದರೆ ಹಾಲು ಕುಡಿಸಿ, ಸುತ್ತಿ ಮಲಗಿಸಿ ನಿದ್ದೆಯಲ್ಲೇ ಮುಗಿಸುವುದುಂಟು. ಸ್ವಲ್ಪ ದೊಡ್ಡವಾದರೆ ಅರಿವಳಿಕೆ ತಜ್ಞರು ಮತ್ತಿನ ಔಷಧ ಕೊಡುತ್ತಾರೆ. ಆಗ ಎಷ್ಟು ಗಂಟೆಯಿಂದ ಹಾಲು, ತಿಂಡಿ ನಿಲ್ಲಿಸಬೇಕೆಂದು ಕೇಳಿ ಅದನ್ನು ಚಾಚೂ ತಪ್ಪದೆ ಪಾಲಿಸಿ. ಹಟ ಮಾಡುತ್ತದೆಂದು ಗುಟ್ಟಾಗಿ ಒಂದು ಬಿಸ್ಕತ್ತು ಕೊಟ್ಟರೂ ಮತ್ತಿನಲ್ಲಿ ವಾಂತಿ ಶ್ವಾಸಕೋಶಕ್ಕೆ ಇಳಿಯುವ ಅಪಾಯವಿದೆ.

ಖರ್ಚಿಗೆ ಹೆದರಿ ಹಿಂದೆ ಸರಿಯಬೇಡಿ. 1965ರಲ್ಲಿ ಶುರುವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಶ್ರವಣ ಪರೀಕ್ಷೆ, ಮಾತಿನ ತರಬೇತಿ, ಮುಂದಿನ ದಾರಿ ಎಲ್ಲವನ್ನೂ ತಿಳಿಯಬಹುದು. ಕೇಂದ್ರದ ಎಡಿಐಪಿ ಯೋಜನೆ ಮತ್ತು ರಾಜ್ಯದ ಶ್ರವಣ ಸಂಜೀವಿನಿ ಯೋಜನೆಯಲ್ಲಿ ಅರ್ಹ ಮಕ್ಕಳಿಗೆ ಇಂಪ್ಲಾಂಟ್ ಉಚಿತ. ಜಿಲ್ಲಾಸ್ಪತ್ರೆಯ ಇಎನ್‌ಟಿ ವಿಭಾಗದಲ್ಲಿ ವಿಚಾರಿಸಿ, ರೇಷನ್ ಕಾರ್ಡ್ ಜೊತೆಗಿರಲಿ.

ಸ್ಕ್ಯಾನ್ ದಿನ

ಎಚ್‌ಆರ್‌ಸಿಟಿ ಕೆಲವೇ ನಿಮಿಷದ ಕೆಲಸ. ಸಾಮಾನ್ಯವಾಗಿ ಇಂಜೆಕ್ಷನ್ ಇಲ್ಲ, ಉಪವಾಸವೂ ಬೇಕಿಲ್ಲ. ಕಿವಿಯ ಓಲೆ, ಹೇರ್‌ಪಿನ್, ಹಿಯರಿಂಗ್ ಏಡ್ ತೆಗೆದಿಟ್ಟರೆ ಸಾಕು. ವಿಕಿರಣ ಸುಮಾರು ಒಂದು ಮಿಲಿಸೀವರ್ಟ್ ಆಸುಪಾಸು. ನೆಲ, ಗಾಳಿ, ಆಕಾಶದಿಂದ ಮನುಷ್ಯನಿಗೆ ವರ್ಷಕ್ಕೆ ಸರಾಸರಿ ಸುಮಾರು 2.4 ಮಿಲಿಸೀವರ್ಟ್ ಹೇಗೂ ಬರುತ್ತದೆ. ಕಾರಣವಿದ್ದು ಒಮ್ಮೆ ಮಾಡಿಸುವುದಕ್ಕೆ ಭಯ ಬೇಡ. ಮಕ್ಕಳಿಗೆ ಮಾತ್ರ ಹಳೆಯ ಫಿಲಂ ಕಳೆದುಹೋಯಿತೆಂಬ ಕಾರಣಕ್ಕೆ ಮತ್ತೆ ಮಾಡಿಸುವುದು ಸಲ್ಲದು. ಬಸಿರಿಯರು, ಬಸಿರಿನ ಅನುಮಾನ ಇರುವವರು ಯಾವ ಸ್ಕ್ಯಾನಿಗೂ ಮೊದಲು ಹೇಳಬೇಕು. ಸಿಟಿ ಯಂತ್ರ ನಡೆಸಲು ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿ ಕಡ್ಡಾಯ. ಇದೆಯೇ ಎಂದು ಕೇಳುವುದಕ್ಕೆ ಹಿಂಜರಿಕೆ ಬೇಡ.

ಎಂಆರ್‌ಐಗೆ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಹಿಡಿಯುತ್ತದೆ. ಲೋಹದ ವಿಷಯದಲ್ಲಿ ಇಲ್ಲಿ ರಾಜಿಯಿಲ್ಲ. ತಾಳಿ, ಮೂಗುತಿ, ಕಾಲುಂಗುರ, ಸೀರೆಯ ಸೇಫ್ಟಿ ಪಿನ್, ಕಟ್ಟು ಹಲ್ಲು ಎಲ್ಲ ಹೊರಗೆ. ಮೂಗುತಿ ಬಿಗಿಯಾಗಿದ್ದರೆ ಹಿಂದಿನ ದಿನವೇ ಮನೆಯಲ್ಲಿ ಬಿಚ್ಚಿಡುವುದು ವಾಸಿ. ಪೇಸ್‌ಮೇಕರ್, ಮಿದುಳಿನ ರಕ್ತನಾಳದ ಕ್ಲಿಪ್, ಕಾಕ್ಲಿಯರ್ ಇಂಪ್ಲಾಂಟ್ ಇದ್ದರೆ ಅದರ ಕಾರ್ಡ್ ತೋರಿಸಿ. ವೆಲ್ಡಿಂಗ್, ಲೇತ್ ಕೆಲಸ ಮಾಡಿದವರು ಕಣ್ಣಿಗೆ ಎಂದಾದರೂ ಕಬ್ಬಿಣದ ಚೂರು ಹಾರಿತ್ತೇ ಎಂದು ನೆನಪಿಸಿಕೊಳ್ಳಬೇಕು. ರಿಕಾಪಿನ ಜಾಗದಲ್ಲಿ ಹಾಕುವ ಇಂದಿನ ಟೈಟಾನಿಯಂ, ಟೆಫ್ಲಾನ್ ಪಿಸ್ಟನ್ನುಗಳಿಗೆ ಸಾಮಾನ್ಯವಾಗಿ ತೊಂದರೆಯಿಲ್ಲ. 1987ರಲ್ಲಿ ಅಮೆರಿಕದಲ್ಲಿ ತಯಾರಾದ ಒಂದು ಬಗೆಯ ಉಕ್ಕಿನ ಪಿಸ್ಟನ್ ಅಯಸ್ಕಾಂತಕ್ಕೆ ಸೆಳೆಯುತ್ತದೆಂದು ವಾಪಸ್ ಪಡೆದದ್ದುಂಟು. ಆದ್ದರಿಂದ ಹಳೆಯ ಕಿವಿ ಆಪರೇಷನ್ನಿನ ಕಾಗದ ಜೊತೆಗೊಯ್ಯಿರಿ. ಮೂತ್ರಪಿಂಡದ ತೊಂದರೆ ಇದ್ದರೆ ಇಂಜೆಕ್ಷನ್ನಿಗೆ ಮೊದಲು ಕ್ರಿಯಾಟಿನಿನ್ ರಿಪೋರ್ಟ್ ತೋರಿಸಬೇಕು.

ಕಿವಿ ಮಂದವಿರುವವರ ಒಂದು ಕಷ್ಟವನ್ನು ಯಾರೂ ಯೋಚಿಸುವುದಿಲ್ಲ. ಹಿಯರಿಂಗ್ ಏಡ್ ತೆಗೆದು ಒಳಗೆ ಮಲಗಿದ ಮೇಲೆ ಟೆಕ್ನಿಷಿಯನ್ ಮೈಕಿನಲ್ಲಿ ಹೇಳುವುದು ಅವರಿಗೆ ಕೇಳುವುದೇ ಇಲ್ಲ. ಎಷ್ಟು ಹೊತ್ತು, ಯಾವಾಗ ಇಂಜೆಕ್ಷನ್, ಗಾಬರಿಯಾದರೆ ಕೈಯಲ್ಲಿನ ರಬ್ಬರ್ ಬುಂಡೆ ಹೇಗೆ ಹಿಸುಕಬೇಕು ಎಂದು ಯಂತ್ರ ಹಾಕುವ ಮೊದಲೇ ಬರೆದೋ ಸನ್ನೆಯಲ್ಲೋ ತಿಳಿಸಬೇಕೆಂದು ಮನೆಯವರು ಒತ್ತಾಯಿಸಿ. ಯಂತ್ರದ ಸದ್ದು 100 ಡೆಸಿಬಲ್ ದಾಟುವುದರಿಂದ ಕಿವಿಮುಚ್ಚು ಎಲ್ಲರಿಗೂ ಬೇಕು. ಕಿವಿ ಕೇಳದವರಿಗೆ ಯಾಕೆ ಎಂದು ಬಿಡುವುದು ತಪ್ಪು.

ರಿಪೋರ್ಟಿನ ಜೊತೆ ಸಿಡಿ ಅಥವಾ ಪೆನ್‌ಡ್ರೈವ್ ಕೇಳಿ ಪಡೆಯಿರಿ. ಫಿಲಂನಲ್ಲಿ ಆಯ್ದ ಕೆಲವೇ ಚಿತ್ರಗಳಿರುತ್ತವೆ, ಸರ್ಜನ್ ನೋಡುವುದು ನೂರಾರು ತೆಳುಪದರಗಳನ್ನು. ಬಲ, ಎಡ ಸರಿಯಾಗಿ ಬರೆದಿದೆಯೇ ಎಂದು ನೀವೇ ಒಮ್ಮೆ ಓದಿ.

ಕಾಯಬಾರದ ಹೊತ್ತು

ಕಿವಿ ಸೋರುವವರಿಗೆ ಜ್ವರ, ವಿಪರೀತ ತಲೆನೋವು, ಕುತ್ತಿಗೆ ಬಿಗಿತ, ಕಿವಿಯ ಹಿಂದೆ ಊತ, ಮುಖ ಸೊಟ್ಟಗಾಗುವುದು ಇವುಗಳಲ್ಲಿ ಒಂದು ಕಂಡರೂ ಅಂದೇ ಆಸ್ಪತ್ರೆ ಸೇರಬೇಕು. ಆಗ ಮಾಡಿಸುವುದು ಸೋಂಕು ಮಿದುಳಿಗೋ ರಕ್ತನಾಳಕ್ಕೋ ಹತ್ತಿದೆಯೇ ಎಂದು ನೋಡುವ ಸ್ಕ್ಯಾನ್, ಮರುವಾರದ ತಾರೀಖಿಗೆ ಬಿಡುವಂಥದ್ದಲ್ಲ. ಮಿದುಳು ಜ್ವರ, ಮೆನಿಂಜೈಟಿಸ್ ಆಗಿ ಚೇತರಿಸಿಕೊಂಡ ಮಗುವಿಗೆ ಕಿವಿ ಕೇಳುತ್ತಿಲ್ಲವೆನಿಸಿದರೂ ಹಾಗೆಯೇ. ಕೆಲವು ಮಕ್ಕಳಲ್ಲಿ ಕಾಕ್ಲಿಯದೊಳಗೆ ವಾರಗಳಲ್ಲೇ ಮೂಳೆ ತುಂಬಿಕೊಳ್ಳತೊಡಗುತ್ತದೆ, ಎಂಆರ್‌ಐಯಲ್ಲಿ ಅದು ಸಿಟಿಗಿಂತ ಮೊದಲೇ ಕಾಣುತ್ತದೆ, ತಡವಾದರೆ ಇಂಪ್ಲಾಂಟಿಗೆ ಜಾಗವೇ ಉಳಿಯುವುದಿಲ್ಲ.

ಬೆಳಗ್ಗೆ ಎದ್ದಾಗ ಒಂದು ಕಿವಿ ಇದ್ದಕ್ಕಿದ್ದಂತೆ ಕೇಳದಾದರೆ ಮೇಣವಿರಬಹುದು, ಶೀತವಿರಬಹುದು ಎಂದು ವಾರಗಟ್ಟಲೆ ಸುಮ್ಮನಿರುವವರೇ ಹೆಚ್ಚು. ಅದು ನರದ ಹಠಾತ್ ಕಿವುಡಾಗಿದ್ದರೆ ಸ್ಟೆರಾಯ್ಡ್ ಚಿಕಿತ್ಸೆಗೆ ಮೊದಲ ಎರಡು ವಾರವೇ ಮುಖ್ಯ, ಅದರಲ್ಲೂ ಮೊದಲ ಕೆಲವು ದಿನ. ಎಂಆರ್‌ಐ ಆಮೇಲೆ ಮಾಡಿಸಿದರೂ ನಡೆಯುತ್ತದೆ. ಆ ದಿನವೇ ಇಎನ್‌ಟಿ ಡಾಕ್ಟರ ಬಳಿ ಹೋಗಿ ಆಡಿಯೋಗ್ರಾಮ್ ಮಾಡಿಸಿ, ಔಷಧ ಶುರು ಮಾಡಿ. ಸ್ಕ್ಯಾನಿನ ಸರದಿಗಾಗಿ ಚಿಕಿತ್ಸೆಯನ್ನು ಒಂದು ದಿನವೂ ನಿಲ್ಲಿಸಬೇಡಿ.